ಇನೋವೇಶನ್ ಅಂದ್ರ ಬರೀ ಆ್ಯಪ್ ಅಲ್ರಿ: ಬಿಸಿನೆಸ್ ಶುರು ಮಾಡೋರು ಹೊಸದು ಹುಡುಕೋದು ಹ್ಯಾಂಗ?

ಕಲಬುರಗಿದಾಗ ಡಿಗ್ರಿ ಮುಗಿಸಿದ ಹುಡುಗರಿಗಿ ಏನ್ ಬಿಸಿನೆಸ್ ಮಾಡ್ತೀರಪ ಅಂತ ಕೇಳ್ರಿ, ಬಹಳ ಮಂದಿ ಆ್ಯಪ್ ಅಂತಾರ. ಯಾವ ಆ್ಯಪ್, ಯಾರಿಗಿ ಬೇಕಾಗ್ಯದ ಅಂದ್ರ ಮಾರಿ ಮಾರಿ ನೋಡ್ತಾರ. ತಪ್ಪು ಅವರದಲ್ಲ ಬಿಡ್ರಿ, ಇನೋವೇಶನ್ ಅಂದ್ರ ಕಂಪ್ಯೂಟರ್ ಅಂತಾನೇ ಎಲ್ಲಾರೂ ಹೇಳಿಟ್ಟಾರ.

ಮೊದಲು ಒಂದು ತಿಳ್ಕೊಳ್ರಿ. ಹೊಸದು ಕಂಡುಹಿಡಿದು ಕಪಾಟಿನಾಗ ಇಟ್ರ ಅದು ಇನೋವೇಶನ್ ಆಗಲ್ಲ, ಯಾರರೆ ಬಳಸಬೇಕು. ಜೋಸೆಫ್ ಶುಂಪೀಟರ್ ಅನ್ನೋ ಅರ್ಥಶಾಸ್ತ್ರಜ್ಞ 1911ರಾಗೇ ಇದರ ಐದು ದಾರಿ ಹೇಳ್ಯಾನ: ಹೊಸ ಮಾಲು, ಮಾಡೋ ಹೊಸ ರೀತಿ, ಹೊಸ ಮಾರ್ಕೆಟ್, ಕಚ್ಚಾ ಮಾಲಿಗಿ ಹೊಸ ಮೂಲ, ಧಂಧೆ ನಡೆಸೋ ಹೊಸ ವ್ಯವಸ್ಥಾ. ಐದರಾಗ ಒಂದು ಸಿಕ್ರೂ ಸಾಕು. ಬೀದರ್ ಬಿದ್ರಿ ನೋಡ್ರಿ, ಸತು-ತಾಮ್ರದ ಎರಕ, ಬೆಳ್ಳಿ ತಂತಿ, ಬೀದರ್ ಕೋಟೆ ಮಣ್ಣಿನ ಕಪ್ಪು ಎಲ್ಲಾ ಹಳೇದೇ, ಮೊದಲು ಹುಕ್ಕಾ, ಹೂಜಿ ಮಾಡ್ತಿದ್ರು, ಈಗ ಕೀಚೈನ್ ಭಿ ಮಾಡ್ತಾರ, ಅಂದ್ರ ಕಲೆ ಅದೇ ಗಿರಾಕಿ ಬ್ಯಾರೆ. ಹೊರಗಿಂದ ತಂದು ಇಲ್ಲಿಗಿ ಹೊಂದಿಸಿದ್ರೂ ನಡೀತದ. ನೌಬಾದ್‌ದಾಗಿನ ಸುರಂಗ ಬಾವಿ ಅದರಲ್ಲ, ಆ ಕರೇಜ್ ವಿದ್ಯಾ, ಅಂದ್ರ ನೆಲದಡಿ ಸುರಂಗದಾಗ ನೀರು ಹರಿಸೋದು, ಇರಾನ್‌ದಾಗ ಹಳೇದು, ಬಹಮನಿ ಕಾಲಕ್ಕ ಬೀದರಕ್ಕ ಬಂದಾಗ ಇಲ್ಲಿಗಿ ಹೊಸದು.

ಎರಡನೇದು ತ್ರಾಸು ಹುಡುಕೋದು, ಐಡಿಯಾ ಅಲ್ಲ. ಇಲ್ಲಿ ಅವಸರ ಮಾಡಬ್ಯಾಡ್ರಿ. ಖಡಕ್ ರೊಟ್ಟಿ ಧಂಧೆನೇ ತಗೋರಿ. ಬೆಂಗಳೂರಿನಾಗ ಓದೋ ಮಗಳಿಗಿ ಅವ್ವ ಬಸ್ಸಿನಾಗ ರೊಟ್ಟಿ ಕಳಸ್ತಾಳ, ಅಲ್ಲಿ ಬಿಚ್ಚಿ ನೋಡಿದ್ರ ತಳದ ನಾಕು ರೊಟ್ಟಿ ಚೂರ್ ಚೂರ್, ಪ್ಯಾಕೆಟ್ ಮೂಲ್ಯಾಗ ಹಿಟ್ಟಿನಂಥ ಪುಡಿ. ಯಾಕಂದ್ರ ಹಂಚಿನ ಮ್ಯಾಲ ಅಂಚು ಮ್ಯಾಲಕ್ಕೆದ್ದಿರ್ತದ, ಒಂದರ ಮ್ಯಾಲ ಒಂದು ಇಟ್ರ ನಡುವ ಸಂದಿ ಉಳೀತದ, ಭಾರ ಬಿದ್ದ ಕೂಡಲೇ ಪಟ್ ಅಂತದ. ಮಳೆಗಾಲಕ್ಕ ಮತ್ತೊಂದು, ಗಾಳಿ ಸೋಕಿ ಮೆತ್ತಗ ಆಗ್ತದ. ಇನ್ನ ಯಾರರೆ ರೊಟ್ಟಿ ಸಣ್ಣ ತಟ್ಟಿ, ಬೇಯೋವಾಗೇ ಅರಿವಿಲೆ ಒತ್ತಿ ಚಪ್ಪಟ ಮಾಡಿ, ಅದರ ಅಳತಿಗೇ ಗಟ್ಟಿ ಡಬ್ಬಿ ಮಾಡಿಸಿ ಕಳಸಿದ್ರ? ರೊಟ್ಟಿ ರುಚಿ ಬದಲಾಗಿಲ್ಲ, ಮಷಿನ್ ಬಂದಿಲ್ಲ, ಆದ್ರೂ ಇನೋವೇಶನ್ನೇ. ಬರೀ ಪ್ಯಾಕೆಟ್ ಮ್ಯಾಲ ಹೊಸ ಹೆಸರು, ಬಣ್ಣದ ಚಿತ್ರ ಹಾಕಿದ್ರ ನನ್ ಪ್ರಕಾರ ಅಲ್ಲ, ಅದು ಜಾಹೀರಾತು.

ತೊಗರಿದಾಗ ಭಿ ಹಿಂಗೇ. ಗುಲ್ಬರ್ಗಾ ತೊಗರಿ ಬ್ಯಾಳಿಗಿ 2019ರಾಗ ಜಿಐ ಟ್ಯಾಗ್, ಅಂದ್ರ ಈ ಮಾಲು ಈ ಊರಿಂದೇ ಅನ್ನೋ ಸರ್ಕಾರಿ ಗುರ್ತು, ಬಂತು. ಟ್ಯಾಗ್ ಬಂದ್ರ ಹೆಸರು ಉಳೀತದ, ಹೊಸ ಧಂಧೆ ತಾನಾಗಿ ಹುಟ್ಟಲ್ಲ. ದಾಲ್‌ಮಿಲ್‌ನಾಗ ಒಂದಿನ ನಿಂತು ನೋಡ್ರಿ, ನುಚ್ಚು ಎಷ್ಟ್ ಬೀಳ್ತದ, ಹೊಟ್ಟು ಎಲ್ಲಿ ಹೋಗ್ತದ, ಒಣಗ್ಸೋವಾಗ ಮ್ವಾಡ ಆದ್ರ ಕೆಲಸದವರು ಏನ್ ಮಾಡ್ತಾರ ಅಂತ. ಮಾಲಕಗಿಂತ ಹಮಾಲಗ ಕೇಳ್ರಿ, ಖರೇ ತ್ರಾಸು ಅವರಿಗಿ ಗೊತ್ತಿರ್ತದ.

ಮೂರನೇದು ಸಣ್ಣದಾಗಿ ಮಾಡಿ ಮಾರ್ರಿ. ಪುಕ್ಕಟ ಕೊಟ್ರ ಎಲ್ಲಾರೂ ಛಲೋ ಅದ ಅಂತಾರ, ಬೀಗರಂತೂ ಖಾಯಂ ಹೊಗಳ್ತಾರ. ರೊಕ್ಕ ಕೊಟ್ಟು ಒಯ್ದೋರು ಎರಡನೇ ಸಲ ಬರ್ತಾರೇನು, ಬರ್ದಿದ್ರ ಯಾಕ, ಅಷ್ಟೇ ಬರಕೋರಿ. ಸಾಲ ಆಮ್ಯಾಲ.

ಕಡೀಕ ಕಾಗದ. ತಿನ್ನೋ ಮಾಲಿದ್ರ ಆಹಾರ ಸುರಕ್ಷತೆ ನೋಡೋ ಎಫ್‌ಎಸ್‌ಎಸ್‌ಎಐದ ನೋಂದಣಿ ಇಲ್ಲಾ ಲೈಸೆನ್ಸ್ ಬೇಕೇ ಬೇಕು. ಪೇಟೆಂಟ್ (ನಿಮ್ಮ ಹೊಸ ಶೋಧ ಬ್ಯಾರೆಯವರು ಕೇಳದೇ ಬಳಸಬಾರದು ಅನ್ನೋ ಹಕ್ಕು) ಸಿಗೋವಂಥ ಸಾಧನ ಮಾಡಿದ್ರ ಅರ್ಜಿ ಹಾಕೋಕ್ಕಿಂತ ಮೊದಲು ಯೂಟ್ಯೂಬ್‌ನಾಗ ತೋರಿಸಬ್ಯಾಡ್ರಿ, ತೋರ್ಸಿದ್ರ ಅದು ಹೊಸದೇ ಅಲ್ಲ ಅಂತ ಅರ್ಜಿ ಬಿದ್ದುಹೋಗಬಹುದು. ಕೆಲಸ ಅರ್ಧ ಇದ್ರ ಪ್ರೊವಿಷನಲ್, ಅಂದ್ರ ತಾತ್ಕಾಲಿಕ ಅರ್ಜಿ ಹಾಕ್ರಿ, ಪೂರ್ತಿ ವಿವರ ಕೊಡ್ಲಿಕ್ಕ 12 ತಿಂಗಳು ಟೈಮ್ ಸಿಗ್ತದ. ಅಜ್ಜಿ ಕಾಲದ ಔಷಧ, ಅಡಗಿ ಇದ್ದಂಗೇ ಒಯ್ದು ಪೇಟೆಂಟ್ ಕೊಡ್ರಿ ಅಂದ್ರ ನಮ್ ಕಾನೂನಿನಾಗ ನಡೆಯಲ್ಲ, ಅಂಥಾದಕ್ಕ ಬ್ರ್ಯಾಂಡ್ ಹೆಸರು ಟ್ರೇಡ್‌ಮಾರ್ಕ್ ಮಾಡ್ಸೋದು ಒಂದು ದಾರಿ.