ಹುಳು ಜ್ವರಕ್ಕೆ ಕೂತ ದಿನ ಎದೆ ತಪಾಸಣೆ

ಕನಕಪುರ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ನಾನು ಸಮುದಾಯ ಆರೋಗ್ಯಾಧಿಕಾರಿ. 30 ದಾಟಿದ ಹೆಂಗಸರಿಗೆ ಬಿಪಿ, ಶುಗರ್ ಜೊತೆ ಸ್ತನ ಕ್ಯಾನ್ಸರ್ ತಪಾಸಣೆಯನ್ನೂ ನಾವು ಮಾಡಬೇಕು. ಬಿಪಿಗೆ ಸಾಲು ನಿಲ್ಲುತ್ತಿದ್ದವರು ಎದೆ ತಪಾಸಣೆ ಎಂದ ಕೂಡಲೇ "ಇನ್ನೊಂದ್ ದಿನ ಬತ್ತೀನಿ ಮೇಡಂ" ಎಂದು ಎದ್ದು ಹೋಗುತ್ತಿದ್ದರು. ನಾಚಿಕೆ ಇರಬೇಕೆಂದು ವರ್ಷವಿಡೀ ಧೈರ್ಯ ಹೇಳಿದ್ದೇ ಹೇಳಿದ್ದು. ಕೊನೆಗೆ ನಮ್ಮ ಆಶಾ ಅಕ್ಕ ಅಂದರು: "ನಾಚ್ಕೆ ಅಲ್ಲ ಮೇಡಂ, ಅವ್ರು ಹುಳಕ್ಕೆ ಸೊಪ್ಪು ಹಾಕ್ಬೇಕು."

ಇಲ್ಲಿ ಮನೆಮನೆಯಲ್ಲೂ ರೇಷ್ಮೆ. ಹುಳು ಪೊರೆ ಬಿಡುವುದಕ್ಕೆ ಇಲ್ಲಿ ಜ್ವರ ಅನ್ನುತ್ತಾರೆ. ಕೊನೆ ಜ್ವರದಿಂದ ಎದ್ದ ಹುಳು ಹಣ್ಣಾಗಿ ಗೂಡು ಕಟ್ಟುವ ತನಕ ಮನೆಯವರಿಗೆ ಕೂತು ಉಣ್ಣಲೂ ಪುರಸೊತ್ತಿರುವುದಿಲ್ಲ. ಆದರೆ ಹುಳು ಜ್ವರಕ್ಕೆ ಕೂತಾಗ ಹೆಚ್ಚುಕಡಿಮೆ ಒಂದು ದಿನ ಸೊಪ್ಪು ಮುಟ್ಟುವುದಿಲ್ಲ. ಆ ದಿನ ಹೆಂಗಸರಿಗೆ ಬಿಡುವು. ಊರಿನವರು ಚಾಕಿ ಹುಳು, ಅಂದರೆ ಎರಡು ಜ್ವರ ಕಳೆದ ಎಳೆ ಹುಳು, ತರುವ ಕಡೆಗೆ ಹೋಗಿ ಯಾವ ಕೇರಿಗೆ ಯಾವತ್ತು ಹುಳು ಕೊಟ್ಟರೆಂದು ಬರೆದುಕೊಂಡೆ. ಮೂರನೇ, ನಾಲ್ಕನೇ ಜ್ವರದ ದಿನಗಳನ್ನು ಲೆಕ್ಕ ಹಾಕಿ ಆ ಕೇರಿಗೆ ತಪಾಸಣೆ ಇಟ್ಟೆ. ಅವತ್ತು ಕರೆಯದೆಯೇ ಬಂದರು.

ನಾಚಿಕೆಯೂ ಸುಳ್ಳಾಗಿರಲಿಲ್ಲ. ಬಾಗಿಲ ಹೊರಗೆ ಮಾತ್ರೆಗೆ ಬಂದ ಗಂಡಸರು ಕೂರುತ್ತಿದ್ದರು. ಅವರಿಗೆ ಬೇರೆ ಹೊತ್ತು ಹೇಳಿ, ಕಿಟಕಿಗೆ ಹಳೇ ಸೀರೆ ಕಟ್ಟಿದೆ.

ಮ್ಯಾಮೋಗ್ರಾಂ (ಸ್ತನದ ಎಕ್ಸ್‌ರೇ) ಇಲ್ಲದೆ ಬರೀ ಕೈಯಲ್ಲಿ ಏನು ತಿಳಿದೀತು ಎಂಬ ಅಳುಕು ನನಗೇ ಇತ್ತು. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ ಸುಮಾರು ಒಂದೂವರೆ ಲಕ್ಷ ಹೆಂಗಸರ ಮೇಲೆ ನಡೆಸಿದ ಅಧ್ಯಯನ ಆ ಅಳುಕು ಬಿಡಿಸಿತು. ಅದರ ಫಲಿತಾಂಶ ಪ್ರಕಟವಾದದ್ದು 2021ರಲ್ಲಿ. ತರಬೇತಿ ಪಡೆದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ನೋಡಿದ ಗುಂಪಿನಲ್ಲಿ, 50 ದಾಟಿದವರ ಪೈಕಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ 30ರಷ್ಟು ಕಡಿಮೆಯಾಗಿತ್ತು. 50ಕ್ಕಿಂತ ಕೆಳಗಿನವರಲ್ಲಿ ಸಾವು ಹಾಗೆ ಇಳಿದಿರಲಿಲ್ಲ. ನಮ್ಮಲ್ಲಿ ಬರುತ್ತಿದ್ದವರೆಲ್ಲ ಸೊಸೆಯಂದಿರು! ಅಂದಿನಿಂದ "ಅತ್ತೇನೂ ಕರ್ಕೊಂಡ್ ಬಾರವ್ವ" ಎಂದು ಹಟ ಹಿಡಿದೆ.

ಮಲಗಿಸಿ, ಕೈಯನ್ನು ತಲೆಯ ಮೇಲಿಡಿಸಿ, ಮೂರು ಬೆರಳ ತುದಿಯ ಮೆತ್ತನೆ ಭಾಗದಿಂದ ಮೊದಲು ಹಗುರವಾಗಿ, ಆಮೇಲೆ ಒತ್ತಿ, ಕತ್ತಿನ ಕೆಳಗಿನ ಮೂಳೆಯಿಂದ ಕಂಕುಳವರೆಗೆ ಒಂದಿಂಚೂ ಬಿಡದೆ ನೋಡಬೇಕು. ಅವಸರ ಮಾಡಿದರೆ ನೋಡಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಒಬ್ಬ ಅಮ್ಮನಿಗೆ ಹುಣಸೆ ಬೀಜದಷ್ಟು ಗಂಟು ಸಿಕ್ಕಿತು. "ನೋವೇ ಇಲ್ವಲ್ಲ" ಅಂದರು. ನೋವಿಲ್ಲದ ಗಂಟನ್ನೇ ಮೊದಲು ತೋರಿಸಬೇಕು ಎಂದೆ. ಪರೀಕ್ಷೆಗೆ ಗಂಟಿಗೆ ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂದು ಯಾರೋ ಹೆದರಿಸಿದ್ದರು. ಅದು ಸುಳ್ಳೆಂದು ಒಪ್ಪಿಸಲು ಎರಡು ಸಲ ಮನೆಗೆ ಹೋದೆ.

ದೊಡ್ಡಾಸ್ಪತ್ರೆಯಲ್ಲಿ ಮೊದಲ ದಿನ "ಸ್ಕ್ಯಾನ್ ಇವತ್ತಿಲ್ಲ" ಎಂದು ವಾಪಸು ಕಳಿಸಿದರು. ಒಂದು ದಿನದ ಕೂಲಿ, ಬಸ್ಸಿನ ದುಡ್ಡು ಎರಡೂ ಹೋಯಿತು. ನನಗೆ ಹೊಟ್ಟೆ ಉರಿಯಿತು. ಈಗ ಫೋನ್ ಮಾಡಿ ದಿನ ಖಚಿತವಾದ ಮೇಲೆಯೇ ಕಳಿಸುತ್ತೇನೆ, ಜೊತೆಗೆ ಆಶಾ ಅಕ್ಕನೂ ಹೋಗುತ್ತಾರೆ. ಆ ಅಮ್ಮನದು ಕ್ಯಾನ್ಸರ್ರೇ ಆಗಿತ್ತು, ಕಂಕುಳಿಗೆ ಹರಡಿರಲಿಲ್ಲ. ಬಿಪಿಎಲ್ ಕಾರ್ಡ್ ಇದ್ದುದರಿಂದ ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯಲ್ಲೇ ಆಪರೇಷನ್ ಆಯಿತು.

ಫಿಲೇಚರಿನಲ್ಲಿ, ಅಂದರೆ ರೇಷ್ಮೆ ನೂಲಿನ ಕಾರ್ಖಾನೆಯಲ್ಲಿ, ಗೂಡಿನಿಂದ ನೂಲು ತೆಗೆಯುವವರಿಗೆ ಮಾತ್ರ ಜ್ವರದ ದಿನದ ಬಿಡುವೂ ಇಲ್ಲ. ಅವರಿಗಾಗಿ ವಾರಕ್ಕೊಂದು ಸಂಜೆ ಏಳಕ್ಕೆ ಅವರ ಬೀದಿಯ ಅಂಗನವಾಡಿಯಲ್ಲಿ ಕೂರುತ್ತಿದ್ದೇನೆ. ಕಳೆದ ವಾರ ಇಬ್ಬರು ಬಂದಿದ್ದರು.