ಬೆಂಕಿ ರೇಖೆಯ ತಾರೀಖು ಕೇಳಿ: ಕಾಡಂಚಿನ ಹೋಬಳಿಯಲ್ಲಿ ಇಲಾಖೆಗಳಿಂದ ಲೆಕ್ಕ ಪಡೆದ ಅನುಭವ

ಕಾಡಿನ ಬೆಂಕಿಯ ವಿಷಯದಲ್ಲಿ ಊರಿನವರು ಅರಣ್ಯ ಇಲಾಖೆಗೆ ಕೇಳುವ ಮೊದಲ ಪ್ರಶ್ನೆ, ಎಷ್ಟು ಕಿಲೋಮೀಟರ್ ಫೈರ್‌ಲೈನ್, ಅಂದರೆ ಬೆಂಕಿ ದಾಟದಂತೆ ಬೋಳು ಮಾಡಿದ ಬೆಂಕಿ ರೇಖೆ, ಮಾಡಿದ್ದೀರಿ ಅಂತ. ನಾವೂ ಮೊದಲು ಅದನ್ನೇ ಕೇಳಿದೆವು, ಅಚ್ಚುಕಟ್ಟಾದ ಪಟ್ಟಿಯೂ ಬಂತು. ಬೆಂಕಿ ಮಾತ್ರ ಆ ಪಟ್ಟಿಯಲ್ಲಿದ್ದ ರೇಖೆಗಳನ್ನು ದಾಟಿಕೊಂಡೇ ಬಂತು. ಕಾರಣ ನೆಲದ ಮೇಲೇ ಬಿದ್ದಿತ್ತು. ಡಿಸೆಂಬರಿನಲ್ಲಿ ಹುಲ್ಲು ಸವರಿ, ಸುಟ್ಟು, ಬೋಳು ಮಾಡಿದ ರೇಖೆಯ ಮೇಲೆ ಫೆಬ್ರವರಿ ಎರಡನೇ ವಾರದ ಹೊತ್ತಿಗೆ ತೇಗ, ಮತ್ತಿ, ದಿಂಡಿಗದ ಎಲೆ ಉದುರಿ ಕಣಕಾಲು ಮುಚ್ಚುವಷ್ಟು ತರಗು ಕೂತಿರುತ್ತದೆ. ಆಗ ಅದು ರೇಖೆಯಲ್ಲ, ಬೆಂಕಿ ಓಡಾಡುವ ದಾರಿ. ಹಾಗಾಗಿ ಈಗ ನಾವು ಕೇಳುವುದು ತಾರೀಖು. ಮೊದಲ ಸಲ ಸವರಿದ್ದು ಯಾವತ್ತು, ತರಗನ್ನು ಎರಡನೇ ಸಲ ಗುಡಿಸಿದ್ದು ಯಾವತ್ತು?

ನಮ್ಮದು ಹಳೇ ಮೈಸೂರು ಸೀಮೆಯ ಎಲೆ ಉದುರಿಸುವ ಒಣಕಾಡಿನ ಅಂಚು. ಇಂಥ ಕಾಡಿಗೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಗಂಡಾಂತರ ಕಾಲ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಗೋಪಾಲಸ್ವಾಮಿ ಬೆಟ್ಟದ ಆಸುಪಾಸಿನಲ್ಲಿ ಸಾವಿರಾರು ಎಕರೆ ಉರಿದು, ಕೊನೆಗೆ ವಾಯುಪಡೆಯ ಹೆಲಿಕಾಪ್ಟರಿನಿಂದ ನೀರು ಸುರಿಸಬೇಕಾಯಿತು. ಮುಂಗಾರು ಚೆನ್ನಾಗಿ ಆದ ವರ್ಷ ಹುಲ್ಲು, ಲಂಟಾನ ಪೊದೆ ಸೊಕ್ಕಿ ಬೆಳೆಯುತ್ತವೆ. ಆಮೇಲೆ ಒಣಗಿದಾಗ ಅದೇ ಸೌದೆ. ಮಳೆ ಚೆನ್ನಾಗಿತ್ತಲ್ಲ ಅಂತ ನೆಮ್ಮದಿಯಾಗಿ ಕೂರುವ ವರ್ಷವೇ ಹೆಚ್ಚು ಅಪಾಯದ್ದು.

ಈ ತಾರೀಖುಗಳನ್ನು ಕೇಳುವ ಮಾಹಿತಿ ಹಕ್ಕಿನ ಅರ್ಜಿಯನ್ನು ಅಕ್ಟೋಬರ್ ಮುಗಿಯುವುದರೊಳಗೆ ಹಾಕಬೇಕು. ಉತ್ತರಕ್ಕೆ 30 ದಿನ, ಬಾರದಿದ್ದರೆ ಪ್ರಥಮ ಮೇಲ್ಮನವಿ, ಅದರ ತೀರ್ಮಾನಕ್ಕೆ 30ರಿಂದ 45 ದಿನ. ಅಕ್ಟೋಬರಿನಲ್ಲಿ ಹಾಕಿದರೆ ಎಲ್ಲ ಎಳೆದರೂ ಜನವರಿ ನಡುವಿಗೆ ಕಾಗದ ಕೈಗೆ ಬರುತ್ತದೆ, ಎರಡನೇ ಸಲ ಗುಡಿಸಲು ಇನ್ನೂ ಸಮಯ ಇರುತ್ತದೆ. ಜನವರಿಯಲ್ಲಿ ಹಾಕಿದ ಅರ್ಜಿಗೆ ಉತ್ತರ ಬರುವ ಹೊತ್ತಿಗೆ ಕಾಡು ಬೂದಿಯಾಗಿರಬಹುದು.

ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ದಾಟಬಾರದು. ನಮ್ಮ ಮೊದಲ ಅರ್ಜಿ ಬಿದ್ದುಹೋದದ್ದು ಇದಕ್ಕೇ. ಎಲ್ಲವನ್ನೂ ಒಂದೇ ಹಾಳೆಯಲ್ಲಿ ತುಂಬಿದ್ದೆವು. ಈಗ ತಲಾ 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಮೂರು ಬೇರೆ ಬೇರೆ ಅರ್ಜಿ ಹಾಕುತ್ತೇವೆ. ಮೊದಲನೆಯದರಲ್ಲಿ ಅರಣ್ಯ ವಲಯದ ಪ್ರತಿ ಬೆಂಕಿ ರೇಖೆಯ ಹೆಸರು, ಉದ್ದ, ಅಗಲ, ಕೆಲಸ ಶುರುವಾದ ಮತ್ತು ಮುಗಿದ ದಿನ, ಮಾಡಿದ ಕೆಲಸವನ್ನು ಇಲಾಖೆ ಅಳೆದು ಬರೆಯುವ ಅಳತೆ ಪುಸ್ತಕದ ಆ ಪುಟಗಳ ದೃಢೀಕೃತ ನಕಲು. ಎರಡನೆಯದರಲ್ಲಿ ಬೆಂಕಿ ಕಾಯಲು ನೇಮಿಸಿದ ವಾಚರ್‌ಗಳ ಸಂಖ್ಯೆ, ದುಡಿದ ದಿನ, ಕೂಲಿ ಪಾವತಿಯಾದ ತಾರೀಖು. ಮೂರನೆಯದರಲ್ಲಿ ಹಿಂದಿನ ಮೂರು ವರ್ಷ ದಾಖಲಾದ ಪ್ರತಿ ಬೆಂಕಿಯ ಜಾಗ, ವಿಸ್ತೀರ್ಣ, ಸುದ್ದಿ ಬಂದ ಹೊತ್ತು, ಸಿಬ್ಬಂದಿ ತಲುಪಿದ ಹೊತ್ತು. ‘ಯಾಕೆ ಮಾಡಲಿಲ್ಲ’ ಅಂತ ಬರೆದರೆ ಉತ್ತರ ಸಿಗುವುದಿಲ್ಲ. ಕಡತದಲ್ಲಿ ಇರುವುದನ್ನು ಕೊಡಲಷ್ಟೇ ಅವರು ಬದ್ಧರು. ‘ಸದರಿ ತಾರೀಖಿನ ದಾಖಲೆಯ ನಕಲು ಕೊಡಿ’ ಅನ್ನಿ. ದಾಖಲೆ ಇಲ್ಲ ಅಂತ ಬರೆದುಕೊಟ್ಟರೆ ಅದೂ ಉತ್ತರವೇ, ಜೋಪಾನವಾಗಿ ಇಟ್ಟುಕೊಳ್ಳಿ. ಕಚೇರಿ ತಪ್ಪಾದರೆ ಐದು ದಿನದೊಳಗೆ ಸರಿಯಾದ ಕಚೇರಿಗೆ ಅವರೇ ವರ್ಗಾಯಿಸಬೇಕು, ಅರ್ಜಿ ಹಿಂತಿರುಗಿಸುವಂತಿಲ್ಲ.

ಕಾಗದ ಬಂದ ಮೇಲೆ ನೆಲ ನೋಡಬೇಕು. ಆದರೆ ಟೇಪು ಹಿಡಿದು ಸೀದಾ ಕಾಡಿಗೆ ನುಗ್ಗಬೇಡಿ. ಅಭಯಾರಣ್ಯಕ್ಕೆ ಅನುಮತಿಯಿಲ್ಲದೆ ಕಾಲಿಟ್ಟರೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದೇ ಅಪರಾಧ, ಲೆಕ್ಕ ಕೇಳಲು ಹೋದವರ ಮೇಲೇ ಕೇಸು ಬೀಳುತ್ತದೆ. ಮಾಹಿತಿ ಹಕ್ಕು ಕಾಯ್ದೆಯ 2(ಜೆ) ಕಾಮಗಾರಿಯನ್ನು ಕಣ್ಣಾರೆ ಪರಿಶೀಲಿಸುವ ಹಕ್ಕನ್ನೂ ಕೊಡುತ್ತದೆ. ಅದನ್ನು ಉಲ್ಲೇಖಿಸಿ ಜಂಟಿ ಪರಿಶೀಲನೆ ಕೇಳುತ್ತೇವೆ. ಗಾರ್ಡ್ ಜೊತೆಯಲ್ಲಿರುತ್ತಾರೆ, ಪಂಚಾಯಿತಿಯಿಂದ ಇಬ್ಬರು ಸದಸ್ಯರು ಬರುತ್ತಾರೆ.

30 ಮೀಟರ್ ಟೇಪು, ಫೋನಿನ ಜಿಪಿಎಸ್, ಒಂದು ನೋಟ್‌ಬುಕ್ ಸಾಕು. ಪ್ರತಿ 200 ಮೀಟರಿಗೆ ನಿಂತು ಅಗಲ ಅಳೆಯುತ್ತೇವೆ. ಅಳೆಯಬೇಕಾದದ್ದು ಮರದಿಂದ ಮರಕ್ಕಲ್ಲ, ಬರಿಮಣ್ಣು ಕಾಣುವಷ್ಟು ಪಟ್ಟಿಯನ್ನು. ಒಂದು ಕಡೆ ಅಳತೆ ಪುಸ್ತಕದಲ್ಲಿ 10 ಮೀಟರ್ ಅಂತಿದ್ದಲ್ಲಿ ಮಣ್ಣು ಕಂಡದ್ದು 3 ಮೀಟರ್ ಮಾತ್ರ. ಮಿಕ್ಕಿದ್ದು ಎರಡೂ ಬದಿಯಿಂದ ಬಾಗಿ ಬಂದ ಲಂಟಾನ. ಅದನ್ನು ಕೈಯಲ್ಲಿ ಮುರಿದರೆ ಹಪ್ಪಳದ ಹಾಗೆ ಚಟಕ್ ಅನ್ನುತ್ತದೆ, ಒಳಗೆ ಹಸಿ ಇರುವುದಿಲ್ಲ. ಲಂಟಾನ ಮರಕ್ಕೆ ಹಬ್ಬಿದ್ದರೆ ಇನ್ನೂ ಕೆಟ್ಟದ್ದು: ನೆಲದ ಬೆಂಕಿ ಅದನ್ನೇ ಏಣಿ ಮಾಡಿಕೊಂಡು ಮೇಲಕ್ಕೇರುತ್ತದೆ, ಅಲ್ಲಿಂದ ಕಿಡಿ ಗಾಳಿಗೆ ಹಾರಿದರೆ ಎಷ್ಟು ಅಗಲದ ರೇಖೆಯೂ ಸಾಲದು. ಒಣಗಿ ನಿಂತ ಮರ ರೇಖೆಗೆ ಅಡ್ಡ ಬೀಳುವುದು ಮತ್ತೊಂದು ತೊಂದರೆ. ಹುಲಿ ಸಂರಕ್ಷಿತ ಪ್ರದೇಶದಲ್ಲಿ ಅದನ್ನು ಕಡಿಯುವುದು ಸುಲಭವಲ್ಲವಾದ್ದರಿಂದ ಬುಡದ ಸುತ್ತ ಎರಡು ಮೀಟರ್ ಮಣ್ಣು ಕಾಣುವಂತೆ ಕೆರೆಸಲು ಕೇಳುತ್ತೇವೆ.

ರೇಖೆಯ ಹುಲ್ಲು ಸುಡುವ ಹೊತ್ತೂ ಮುಖ್ಯ. ಬೆಳಗಿನ ಇಬ್ಬನಿ ಪೂರ್ತಿ ಆರುವ ಮುಂಚೆ ಸುಡಬೇಕು, ಇಲ್ಲವೇ ಗಾಳಿ ಇಳಿದ ಸಂಜೆ. ಹಣ ಬಿಡುಗಡೆ ತಡವಾಗಿ ಜನವರಿ ಕೊನೆಗೆ ಸುಡಲು ಹೊರಟರೆ ರೇಖೆ ಸುಡುವ ಬೆಂಕಿಯೇ ಕೈತಪ್ಪುತ್ತದೆ. ಕಾಳ್ಗಿಚ್ಚು ತಡೆಗೆ ಕೇಂದ್ರ ಪುರಸ್ಕೃತ ಯೋಜನೆ ಇದೆ, ನಮ್ಮಲ್ಲಿ ಕೇಂದ್ರ 60, ರಾಜ್ಯ 40ರ ಪಾಲು. ಹಣ ಎಷ್ಟು ಬಂತು ಅನ್ನುವುದಕ್ಕಿಂತ ವಲಯದ ಖಾತೆಗೆ ಯಾವ ತಿಂಗಳು ಬಂತು ಅಂತ ಕೇಳಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಎಳೆ ಬಿಸಿಲಿನ ಕಾಲದಲ್ಲೇ ತರಗಿಗೆ ಸಣ್ಣ ಬೆಂಕಿ ಕೊಟ್ಟು ದೊಡ್ಡದನ್ನು ತಡೆಯುತ್ತಿದ್ದರು. ಅದನ್ನು ನಿಲ್ಲಿಸಿದ ಮೇಲೆ ಲಂಟಾನ ಹೆಚ್ಚಿತು ಅಂತ ಇವತ್ತಿಗೂ ಹೇಳುತ್ತಾರೆ. ಆ ತಿಳಿವಳಿಕೆ ಇರುವವರನ್ನು ಯೋಜನೆ ಬರೆಯುವ ಮೇಜಿಗೆ ಕರೆಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ‘ವನ ಅಗ್ನಿ’ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ಮೊಬೈಲ್ ನಂಬರ್ ನೋಂದಾಯಿಸಿಕೊಂಡರೆ ಉಪಗ್ರಹ ಕಂಡ ಬೆಂಕಿಯ ಎಸ್‌ಎಂಎಸ್ ಬರುತ್ತದೆ. ಆ ಬೆಂಕಿ ನಕ್ಷೆಯಲ್ಲಿ ಚುಕ್ಕಿಯಾಗಿ ಕಾಣುತ್ತದೆ, ಆ ಚುಕ್ಕಿಯನ್ನು ಓದುವುದು ಕಲಿಯಬೇಕು. ಉಪಗ್ರಹದಲ್ಲಿರುವ ವೀರ್ಸ್ ಉಪಕರಣದ ಒಂದು ಚುಕ್ಕಿ ಎಂದರೆ 375 ಮೀಟರ್ ಚೌಕ. ನಕ್ಷೆ ತೋರಿಸುವುದು ಚೌಕದ ನಡುವನ್ನು, ಬೆಂಕಿ ಅದರೊಳಗೆ ಎಲ್ಲಾದರೂ ಇರಬಹುದು. ಉಪಗ್ರಹ ಹಾದುಹೋಗುವುದು ಹೆಚ್ಚುಕಡಿಮೆ ಮಧ್ಯಾಹ್ನ ಒಂದೂವರೆಗೆ, ಮತ್ತೆ ರಾತ್ರಿ ಒಂದೂವರೆಗೆ. ಮೂರು ಗಂಟೆಗೆ ಹತ್ತಿದ ಬೆಂಕಿಯನ್ನು ಅದು ರಾತ್ರಿವರೆಗೆ ನೋಡುವುದಿಲ್ಲ. ಕಬ್ಬಿನ ಸೋಗೆ ಸುಟ್ಟರೂ ಚುಕ್ಕಿ ಬೀಳುತ್ತದೆ. ಆದ್ದರಿಂದ ಎಚ್ಚರಿಕೆಗೆ ಕಾವಲು ಗೋಪುರದ ಮೇಲಿನ ಕಣ್ಣೇ ಬೇಕು. ಲೆಕ್ಕ ಕೇಳುವುದಕ್ಕೆ ಮಾತ್ರ ಎಸ್‌ಎಂಎಸ್ ಬಹಳ ಉಪಯೋಗ: ತಾರೀಖು, ಹೊತ್ತು, ಅಕ್ಷಾಂಶ ರೇಖಾಂಶ ಬರೆದಿಟ್ಟ ನಮ್ಮ ಪುಸ್ತಕವನ್ನು ಮೂರನೇ ಅರ್ಜಿಯ ಉತ್ತರದ ಪಕ್ಕ ಇಟ್ಟರೆ ದಾಖಲೆಗೆ ಏರದ ಬೆಂಕಿ ಎಷ್ಟು ಅಂತ ತಾನೇ ಕಾಣುತ್ತದೆ.

ಇನ್ನು ಊರಿನ ಕಡೆಯ ಸಿದ್ಧತೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 31ನೇ ಕಲಮಿನಂತೆ ಪ್ರತಿ ಜಿಲ್ಲೆಗೂ ಒಂದು ಯೋಜನೆ ಇರಬೇಕು, ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ಅದನ್ನು ಮಾಡುವ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿ. ನಾವು ನೋಡಿದ ಪ್ರತಿಯಲ್ಲಿ ಬರ, ನೆರೆಗೆ ಪುಟಗಟ್ಟಲೆ ಇತ್ತು, ಕಾಡಿನ ಬೆಂಕಿಗೆ ಒಂದು ಪ್ಯಾರಾ. ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ, ಪಿಡಿಒ ಸಹಿಯೊಂದಿಗೆ ನಾಲ್ಕು ವಿಷಯ ಸೇರಿಸಲು ಕಳಿಸಿದೆವು: ಅಗ್ನಿಶಾಮಕ ವಾಹನದ ದಾರಿ, ನೀರು, ಗೇಟಿನ ಬೀಗ, ಹಾಡಿಯ ವೃದ್ಧರು ಮಕ್ಕಳನ್ನು ಎಲ್ಲಿಗೆ ಸಾಗಿಸುವುದು.

ಗೇಟಿನ ವಿಷಯ ಯಾರ ಗಮನಕ್ಕೂ ಬಂದಿರಲಿಲ್ಲ. ಆನೆ ಬಾರದಂತೆ ಕಂದಕ ತೋಡಿದ್ದಾರೆ, ಕಂಬಿ ಬೇಲಿ ಹಾಕಿದ್ದಾರೆ. ಅಗ್ನಿಶಾಮಕ ವಾಹನ ಒಳಗೆ ಹೋಗಲು ಇರುವುದು ಗೇಟು ಮಾತ್ರ, ಅದರ ಬೀಗದ ಕೈ ಒಬ್ಬರ ಜೇಬಿನಲ್ಲಿ, ಅವರು ಇನ್ನೊಂದು ಕ್ಯಾಂಪಿನಲ್ಲಿ. ನೀರಿನದ್ದೂ ಅಷ್ಟೇ. 4,500 ಲೀಟರ್ ವಾಹನ ಖಾಲಿಯಾದರೆ ತುಂಬಿಸಲು ನಿಮಿಷಕ್ಕೆ 100 ಲೀಟರ್ ಕೊಡುವ ಬೋರ್‌ವೆಲ್‌ಗೆ 45 ನಿಮಿಷ ಬೇಕು, ಅದೂ ಆ ಹೊತ್ತಿಗೆ ತ್ರೀಫೇಸ್ ಕರೆಂಟ್ ಇದ್ದರೆ. ಪಂಪ್‌ಸೆಟ್‌ಗೆ ಕರೆಂಟು ಕೊಡುವುದೇ ದಿನಕ್ಕೆ ಏಳು ಗಂಟೆ. ಹಾಗಾಗಿ 10,000 ಲೀಟರ್ ತೊಟ್ಟಿಯನ್ನು ಜನವರಿಯಲ್ಲೇ ತುಂಬಿಸಿ ಮುಚ್ಚಿಡುವುದು, ಪಕ್ಕದಲ್ಲಿ ಪೆಟ್ರೋಲಿನಿಂದ ಓಡುವ ನೀರಿನ ಪಂಪು ಇಡುವುದು ಅಂತಾಯಿತು. ವಾಹನದ ಮೇಲಿನ ಬಾಯಿಗೆ ನೀರು ಬಿಡಬೇಕಾದ್ದರಿಂದ ಪೈಪು 11 ಅಡಿ ಎತ್ತರಕ್ಕೆ ಮುಟ್ಟಬೇಕು. ನಮ್ಮ ಮೊದಲ ಪೈಪು ಗಿಡ್ಡವಾಗಿತ್ತು. ಅಣಕು ಪರೀಕ್ಷೆಯ ದಿನ ಗೊತ್ತಾದದ್ದು ಪುಣ್ಯ.

ಬೆಂಕಿಯ ಹತ್ತಿರಕ್ಕೆ ಮೊದಲು ಹೋಗುವವರು ದಿನಗೂಲಿ ವಾಚರ್‌ಗಳು, ಬಹುಪಾಲು ಸೋಲಿಗರು, ಜೇನುಕುರುಬರು. 2017ರಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ, 2023ರಲ್ಲಿ ಸಕಲೇಶಪುರದ ಕಾಡುಮನೆಯಲ್ಲಿ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕರೇ ಪ್ರಾಣ ಕಳೆದುಕೊಂಡರು. ಸಮವಸ್ತ್ರ ಇರುವವರ ಗತಿಯೇ ಹೀಗಾದರೆ ಹವಾಯಿ ಚಪ್ಪಲಿ, ಪಾಲಿಯೆಸ್ಟರ್ ಅಂಗಿಯಲ್ಲಿ ಹಸಿ ಸೊಪ್ಪು ಹಿಡಿದು ಬಡಿಯುವವರ ಗತಿ ಏನು? ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ. ಹತ್ತಿಯ ಉದ್ದ ತೋಳಿನ ಅಂಗಿ, ಬೂಟು, ಒಬ್ಬೊಬ್ಬರಿಗೆ ಐದು ಲೀಟರ್ ನೀರು, ತಂಡಕ್ಕೊಂದು ವಾಕಿಟಾಕಿ, ಸುಟ್ಟಗಾಯದ ಪೆಟ್ಟಿಗೆ: ಇವನ್ನು ವಿತರಿಸಿದ ತಾರೀಖನ್ನೂ ಎರಡನೇ ಅರ್ಜಿಯಲ್ಲಿ ಕೇಳುತ್ತೇವೆ. ಇಳಿಜಾರಿನಲ್ಲಿ ಬೆಂಕಿಯ ಮೇಲ್ಭಾಗದಲ್ಲಿ ಯಾರನ್ನೂ ನಿಲ್ಲಿಸಬಾರದು, ಅದು ಮೇಲಕ್ಕೆ ಓಡುವ ವೇಗಕ್ಕೆ ಮನುಷ್ಯ ಸಾಟಿಯಲ್ಲ.

ಬೆಂಕಿ ಇಡುವವರ ಮಾತೂ ಬರಲೇಬೇಕು. ಹೊಸ ಹುಲ್ಲಿಗಾಗಿ ಹಚ್ಚುವವರಿದ್ದಾರೆ, ಬೀಡಿ ಎಸೆಯುವವರಿದ್ದಾರೆ, ಆನೆ ಹಂದಿ ಬೆಳೆ ತಿಂದು ಪರಿಹಾರ ಬಾರದ ಸಿಟ್ಟಿಗೆ ಹಚ್ಚುವವರೂ ಇದ್ದಾರೆ. ಆ ಸಿಟ್ಟಿಗೆ ಕರಪತ್ರ ಹಂಚಿದರೆ ಪ್ರಯೋಜನವಿಲ್ಲ. ಡಿಸೆಂಬರಿನಲ್ಲಿ ಇಲಾಖೆಯವರೊಂದಿಗೆ ನಡೆಯುವ ಸಭೆಗೆ ಬೆಂಕಿ ರೇಖೆಯ ಪಟ್ಟಿಯ ಜೊತೆಗೆ ಬಾಕಿ ಇರುವ ಬೆಳೆ ಪರಿಹಾರದ ಪಟ್ಟಿಯನ್ನೂ ಒಯ್ಯುತ್ತೇವೆ, ಎರಡನ್ನೂ ಒಂದೇ ನಡಾವಳಿಯಲ್ಲಿ ಬರೆಸುತ್ತೇವೆ.

ಆ ನಡಾವಳಿಯ ಪ್ರತಿ ಸಾಲಿನ ಮುಂದೆ ಯಾವ ಹುದ್ದೆಯವರು, ಯಾವ ತಾರೀಖಿನೊಳಗೆ ಅಂತ ಇರಬೇಕು. ‘ಸೂಕ್ತ ಕ್ರಮ’ ಅಂತ ಬರೆದರೆ ಅಲ್ಲೇ ತಿದ್ದಿಸಿ. ಗೇಟಿನ ಎರಡನೇ ಬೀಗದ ಕೈ ಈಗ ಪಂಚಾಯಿತಿ ಕಚೇರಿಯ ಮೊಳೆಗೆ ನೇತಾಡುತ್ತಿದೆ. ಅದರ ಮೇಲೆ ಗೋಡೆಯಲ್ಲಿ ವಲಯ ಕಚೇರಿಯ ಫೋನು ಮತ್ತು 112 ಬರೆದಿದೆ. ಫೆಬ್ರವರಿ ಮೊದಲ ವಾರ ಆ ಕೈಯಿಂದ ಬೀಗ ತೆಗೆದು, ಎಣ್ಣೆ ಬಿಟ್ಟು, ಮತ್ತೆ ಹಾಕಿ ನೋಡುತ್ತೇವೆ.