ಟೇಬಲ್ ಸಾ ಇಲ್ಲದೆ ನಾಲ್ಕು ಶೀಟ್ ಪ್ಲೈ ಕೊಯ್ದ ನನ್ನ ಅನುಭವ

ಕೊನೆಗೂ ಕಪಾಟು ಗೋಡೆಗೆ ನಿಂತಿತು. 18 ಮಿ.ಮೀ. ಪ್ಲೈ, 8 ಅಡಿಗೆ 4 ಅಡಿಯ ನಾಲ್ಕು ಶೀಟು, ಸುಮಾರು ಮೂವತ್ತು ತುಂಡು. ಬಾಗಿಲುಗಳ ನಡುವಿನ ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಸಮ, 2 ಮಿ.ಮೀ. ಇದೆ. ಅರ್ಧ ಮಿ.ಮೀ. ಆಚೀಚೆ ಇರಬಹುದು, ಅದಕ್ಕಿಂತ ಜಾಸ್ತಿ ಇಲ್ಲ. ಮೇಜಿನೊಳಗಿಂದ ಬ್ಲೇಡು ಮೇಲೆ ಬರುವ ಟೇಬಲ್ ಸಾ ಬಳಸಿಲ್ಲ, ರೈಲಿನ ಮೇಲೆ ಓಡುವ ಟ್ರ್ಯಾಕ್ ಸಾ ಕೂಡ ಇಲ್ಲ. ಒಂದು ಸಾಧಾರಣ 7¼ ಇಂಚಿನ ಸರ್ಕ್ಯುಲರ್ ಸಾ (ದುಂಡು ಬ್ಲೇಡಿನ ಕೈಮೆಷೀನು), ಅದನ್ನು ನೇರ ಓಡಿಸಲು ಮನೆಯಲ್ಲೇ ಮಾಡಿದ ಗೈಡು, ನಾಲ್ಕು ಕ್ಲಾಂಪು. ಇಷ್ಟರಲ್ಲೇ ಕೆಲಸ ಮುಗಿಯಿತು.

ಇದನ್ನು ಬರೆಯುತ್ತಿರುವುದಕ್ಕೆ ಕಾರಣ ಇದೆ. ಶುರು ಮಾಡುವಾಗ ಕೇಳಿದವರೆಲ್ಲ ಬೇಡ ಅಂದಿದ್ದರು. ಪರಿಚಯದ ಬಡಗಿಯೊಬ್ಬರು "ಕೈಮೆಷೀನಲ್ಲಿ ಎಂಟಡಿ ನೇರ ಬರಲ್ಲ ಸಾರ್, ಸುಮ್ನೆ ಪ್ಲೈ ಹಾಳು ಮಾಡ್ಕೋಬೇಡಿ" ಅಂದರು. ಭಾವ ಬೇರೆ "ಟೇಬಲ್ ಸಾ ತಗೊಳ್ಳಿ, ಇಲ್ಲಾಂದ್ರೆ ಕೊಯ್ಸಿಕೊಂಡು ಬನ್ನಿ" ಅಂತ ಹೇಳಿ ಹೋಗಿದ್ದರು. ಸುಮಾರಾದ ಟೇಬಲ್ ಸಾ ಒಂದರ ಬೆಲೆಗೆ ನನ್ನ ಮೆಷೀನು ಆರೇಳು ಬರುತ್ತಿದ್ದವು. ಜಾಗವೂ ಇರಲಿಲ್ಲ. 18 ಮಿ.ಮೀ.ನ ಇಡೀ ಶೀಟು ಮೂವತ್ತು ಕೆ.ಜಿ. ಮೇಲೆ ತೂಗುತ್ತದೆ. ಅದನ್ನು ಒಬ್ಬನೇ ಎತ್ತಿ ಸಣ್ಣ ಟೇಬಲ್ ಸಾ ಮೇಲೆ ತಳ್ಳುವುದಕ್ಕಿಂತ, ಶೀಟನ್ನು ನೆಲದ ಮೇಲೆ ಮಲಗಿಸಿ ಮೆಷೀನನ್ನೇ ಅದರ ಮೇಲೆ ಓಡಿಸುವುದು ಸುಲಭ ಅಂತ ನನಗೆ ಆಗಲೇ ಅನಿಸಿತ್ತು.

ಆದರೆ ಮೊದಲ ಸಲವೇ ಸರಿಯಾಗಲಿಲ್ಲ. ಮನೆಯಲ್ಲಿ ಮೊದಲಿಂದ, ಸಪೂರ ಬ್ಲೇಡು ಮೇಲೆ ಕೆಳಗೆ ಆಡುವ ಜಿಗ್ ಸಾ ಇತ್ತು, ಅದರಲ್ಲೇ ಶುರು ಮಾಡಿದೆ. ಮೇಲಿನ ಗೆರೆ ಸರಿಯಾಗಿ ಬಂತು. ತಿರುಗಿಸಿ ನೋಡಿದರೆ ಕೆಳಗೆ ಅಂಚು ಓರೆ, ಕೆಲವು ಕಡೆ 2 ಮಿ.ಮೀ. ವ್ಯತ್ಯಾಸ. ಜಿಗ್ ಸಾ ಬ್ಲೇಡು ಮೇಲೆ ಮಾತ್ರ ಹಿಡಿತದಲ್ಲಿರುತ್ತದೆ, ಕೆಳತುದಿ ತನಗೆ ಬೇಕಾದ ಕಡೆ ಬಾಗುತ್ತದೆ. ದಪ್ಪ ಬ್ಲೇಡು, ನಿಧಾನದ ವೇಗ, ಎಲ್ಲ ಮಾಡಿ ನೋಡಿದೆ. ವಾಲಿದ ಅಂಚಿಗೆ ಇನ್ನೊಂದು ತುಂಡು ಕೂರಿಸಿದರೆ ಸಂದು ಬಾಯಿ ಬಿಡುತ್ತದೆ. ತಿರುವು, ತೂತು, ಸಿಂಕಿನ ಕಟಿಂಗು, ಅದಕ್ಕೆಲ್ಲ ಜಿಗ್ ಸಾ ಚೆನ್ನ. ಉದ್ದದ ನೇರ ಕೊಯ್ತಕ್ಕೆ ಅದು ಬೇಡ.

ಆಮೇಲೆ ಮಾರ್ಬಲ್ ಕಟರಿಗೆ 4 ಇಂಚಿನ ಮರದ ಬ್ಲೇಡು ಹಾಕಿದೆ. ಎಷ್ಟೋ ಜನ ಹೀಗೇ ಮಾಡುತ್ತಾರೆ, ನನಗೂ ಗೊತ್ತು. ಮಾಡಬೇಡಿ. ಆ ಮೆಷೀನು ನಿಮಿಷಕ್ಕೆ ಹತ್ತು ಸಾವಿರ ಸುತ್ತಿಗೂ ಜಾಸ್ತಿ ತಿರುಗುತ್ತದೆ. ಕೆಳಗೆ ತಾನಾಗಿ ಮುಚ್ಚಿಕೊಳ್ಳುವ ಗಾರ್ಡ್ ಇಲ್ಲ. ಶೀಟಿನ ಮೇಲೆ ಕೂರುವ ತಟ್ಟೆ, ಅಂದರೆ ಪಾದ, ತೀರಾ ಚಿಕ್ಕದು. ಮೂರನೇ ಕೊಯ್ತದಲ್ಲಿ ಬ್ಲೇಡು ಸಿಕ್ಕಿಕೊಂಡು ಮೆಷೀನು ಹಿಂದಕ್ಕೆ ಒದೆಯಿತು. ಶೀಟಿನ ಮೇಲೆ ಒಂದಡಿ ಉದ್ದ ಅಡ್ಡಡ್ಡ ಗೀರಿಕೊಂಡು ಬಂತು. ನನ್ನ ಎಡಗೈ ಅಲ್ಲಿರಲಿಲ್ಲ, ಅಷ್ಟೇ. ಆವತ್ತೇ ಆ ಬ್ಲೇಡು ಬಿಚ್ಚಿ ಎಸೆದೆ.

ಸರ್ಕ್ಯುಲರ್ ಸಾ ಕೊಂಡಿದ್ದು ಅದಾದ ಮೇಲೆ. ಇದರ ವೇಗ ಐದು ಸಾವಿರದ ಆಸುಪಾಸು, ಪಾದ ಅಗಲ, ಗಾರ್ಡ್ ಇದೆ, ಕೈಯಲ್ಲಿ ಹಿಡಿದರೆ ನಂಬಿಕೆ ಬರುತ್ತದೆ. ಒಂದು ಮರದ ರೀಪರನ್ನು ಕ್ಲಾಂಪ್ ಮಾಡಿ, ಅದಕ್ಕೆ ಪಾದ ಒತ್ತಿಕೊಂಡು ಕೊಯ್ದೆ. ಇಲ್ಲಿ ಎರಡು ಪೆಟ್ಟು ತಿಂದೆ. ಬ್ಲೇಡಿನಿಂದ ಪಾದದ ಅಂಚಿಗೆ ಎಷ್ಟು ದೂರ ಅಂತ ಪ್ರತಿ ಸಲ ಲೆಕ್ಕ ಹಾಕಿ ರೀಪರ್ ಇಡಬೇಕು. ಒಮ್ಮೆ ಬ್ಲೇಡಿನ ದಪ್ಪ ಮರೆತೆ, ಒಂದು ಪಕ್ಕದ ಹಲಗೆ 2 ಮಿ.ಮೀ. ಗಿಡ್ಡ ಆಯಿತು. ಇನ್ನೊಂದು, ರೀಪರೇ ನಡುವೆ 3 ಮಿ.ಮೀ. ಬಿಲ್ಲಿನ ಹಾಗೆ ಬಾಗಿತ್ತು, ಕಣ್ಣಿಗೆ ಕಂಡಿರಲಿಲ್ಲ. ಅರ್ಧ ಶೀಟು ಹೋಯಿತು. ಇಲ್ಲಿಯವರೆಗಿನದೆಲ್ಲ ಸೇರಿಸಿದರೆ ಸುಮಾರು ಒಂದೂಕಾಲು ಶೀಟು ಹಾಳು ಮಾಡಿದ್ದೆ. ಆ ದುಡ್ಡಿಗೆ ಇನ್ನೊಂದು ಮೆಷೀನಿನ ಮುಕ್ಕಾಲು ಭಾಗ ಬರುತ್ತಿತ್ತು.

ಕೊನೆಗೆ ಕೈ ಹಿಡಿದದ್ದು ತಳ ಇರುವ ಗೈಡು. ಐಡಿಯಾ ಹೊಸದಲ್ಲ. ರೈಲಿನ ಮೇಲೆ ಸರ್ಕ್ಯುಲರ್ ಸಾ ಓಡಿಸುವುದನ್ನು ಜರ್ಮನಿಯ ಫೆಸ್ಟೋ ಕಂಪನಿ 1960ರ ದಶಕದಲ್ಲೇ ತಂದಿತ್ತು. ನಾನು ಮಾಡಿದ್ದು ಅದರ ಮರದ ರೂಪ. ತಳಕ್ಕೆ 6 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ), ಅದರ ಮೇಲೆ 12 ಮಿ.ಮೀ. ಪ್ಲೈಯ ಪಟ್ಟಿ. ಪಟ್ಟಿಯ ಒಂದು ಅಂಚು ಕಾರ್ಖಾನೆಯಲ್ಲಿ ಕೊಯ್ದದ್ದೇ ಇರಬೇಕು, ಪಾದ ಅದಕ್ಕೇ ಒತ್ತಿಕೊಂಡು ಓಡುವುದು. ತಳವನ್ನು ಬೇಕೆಂದೇ ಅಗಲ ಬಿಟ್ಟು, ಅಂಟು ಒಣಗಿದ ಮೇಲೆ ಅದೇ ಮೆಷೀನು ಪಟ್ಟಿಗೆ ಒತ್ತಿ ಒಮ್ಮೆ ಓಡಿಸಿದರೆ ಹೆಚ್ಚಾದ ತಳ ಕತ್ತರಿಸಿ ಹೋಗುತ್ತದೆ. ಅಲ್ಲಿಗೆ ತಳದ ಅಂಚು ಎಲ್ಲಿದೆಯೋ ಬ್ಲೇಡು ಅಲ್ಲೇ ಕೊಯ್ಯುತ್ತದೆ. ಗೆರೆಯ ಮೇಲೆ ಅಂಚು ಇಟ್ಟು ಕ್ಲಾಂಪ್ ಹಾಕುವುದು, ಕೊಯ್ಯುವುದು. ಲೆಕ್ಕವೇ ಬೇಡ.

ಇದರ ಇನ್ನೊಂದು ಲಾಭ ಆಮೇಲೆ ಗೊತ್ತಾಯಿತು. ಸರ್ಕ್ಯುಲರ್ ಸಾ ಹಲ್ಲುಗಳು ಕೆಳಗಿಂದ ಮೇಲಕ್ಕೆ ಬರುತ್ತವೆ, ಹಾಗಾಗಿ ಸಿಬಿರು ಏಳುವುದು ಮೇಲ್ಮೈಯಲ್ಲಿ. ಗೈಡಿನ ಅಂಚು ಸರಿಯಾಗಿ ಬ್ಲೇಡಿನ ಪಕ್ಕದಲ್ಲೇ ಒತ್ತಿಕೊಂಡಿರುವುದರಿಂದ ಆ ಕಡೆ ಎಳೆಗಳು ಏಳುವುದಿಲ್ಲ. ಬೇಕಾದ ತುಂಡು ಯಾವಾಗಲೂ ಗೈಡಿನ ಕೆಳಗಿರಲಿ, ಬೇಡದ್ದು ಆಚೆಗಿರಲಿ. ನನ್ನ ಮೊದಲ ಗೈಡನ್ನು ನಾನೇ ಕೆಡಿಸಿದ್ದು ಬ್ಲೇಡು ಬದಲಾಯಿಸಿ. 60 ಹಲ್ಲಿನ ತೆಳು ಬ್ಲೇಡಿಗೆ ಕೊಯ್ದ ಗೈಡಿನ ಮೇಲೆ, ಮೆಷೀನಿನ ಜೊತೆ ಬಂದಿದ್ದ 24 ಹಲ್ಲಿನ ದಪ್ಪ ಬ್ಲೇಡು ಓಡಿಸಿದೆ. ಅಂಚನ್ನು ಕೂದಲೆಳೆಯಷ್ಟು ತಿಂದುಹಾಕಿತು. ಮತ್ತೆ ತೆಳು ಬ್ಲೇಡು ಹಾಕಿದಾಗ ಸಿಬಿರು ಶುರು. ಈಗ ಪ್ರತಿ ಗೈಡಿನ ಮೇಲೂ ಅದು ಯಾವ ಬ್ಲೇಡಿನದು ಅಂತ ಮಾರ್ಕರಿನಲ್ಲಿ ಬರೆದಿಟ್ಟಿದ್ದೇನೆ.

ಕ್ಲಾಂಪಿನ ವಿಷಯದಲ್ಲೂ ಒಂದು ಪಾಠ ಕಲಿತೆ. ಮೊದಲ ಗೈಡಿನ ತಳ ಪಟ್ಟಿಯ ಹಿಂದೆ ಬರೀ ಎರಡು ಬೆರಳು ಅಗಲ ಇತ್ತು. ಕೊಯ್ತದ ಕೊನೆಗೆ ಬಂದಾಗ ಮೋಟಾರು ಕ್ಲಾಂಪಿನ ತಲೆಗೆ ಬಡಿದು ನಿಂತುಬಿಟ್ಟಿತು. ಎರಡನೆಯದಕ್ಕೆ ಹಿಂದೆ ಒಂದು ಗೇಣು ಜಾಗ ಬಿಟ್ಟೆ, ಮೋಟಾರು ಆರಾಮಾಗಿ ದಾಟುತ್ತದೆ. ಉದ್ದದ ಗೈಡು ಶೀಟಿನಷ್ಟೇ ಇದ್ದರೆ ಸಾಲುವುದಿಲ್ಲ, ಶುರುವಿನಲ್ಲಿ ಪಾದ ಕೂರಲು ಜಾಗ ಬೇಕು. ನನ್ನದು 2750 ಮಿ.ಮೀ. ಇರಬೇಕು. ಅಷ್ಟು ಉದ್ದದ ತುಂಡು ಸಿಗದ ಕಾರಣ ಜೋಡಿಸಿದ್ದೇನೆ. ತಳದ ಜೋಡಣೆ ಒಂದು ಕಡೆ, ಪಟ್ಟಿಯ ಜೋಡಣೆ ಇನ್ನೊಂದು ಕಡೆ. ಅಂಟು ಒಣಗುವವರೆಗೆ ಎರಡನ್ನೂ ಅಲ್ಯೂಮಿನಿಯಂ ಸೆಕ್ಷನ್ನಿಗೆ ಒತ್ತಿ ಹಿಡಿದಿಟ್ಟೆ. ನೇರ ಇದೆಯಾ ಅಂತ ನೋಡಲು ಚೂಪು ಪೆನ್ಸಿಲಿನಲ್ಲಿ ಅಂಚಿಗೆ ಒಂದು ಗೆರೆ ಎಳೆದು, ಗೈಡನ್ನು ತಲೆಕೆಳಗು ಮಾಡದೆ ಪೂರ್ತಿ ಅರ್ಧ ಸುತ್ತು ತಿರುಗಿಸಿ, ಅದೇ ಗೆರೆಗೆ ಆಚೆ ಕಡೆಯಿಂದ ಅಂಚು ತಂದಿಡಿ. ಬಾಗಿದ್ದರೆ ಎರಡರಷ್ಟಾಗಿ ಕಾಣುತ್ತದೆ.

ಬ್ಲೇಡಿನ ಬಗ್ಗೆ ನನ್ನ ಮಾತು ನೇರ. ಮೆಷೀನಿಗೆ ಹಾಕುವ ದುಡ್ಡು ಉಳಿಸಿ ಬ್ಲೇಡಿಗೆ ಹಾಕಿ. ನನ್ನ 60 ಹಲ್ಲಿನ ಬ್ಲೇಡು ಮೆಷೀನಿನ ಬೆಲೆಯ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಆಯಿತು, ಮನೆಯಲ್ಲಿ ಇದಕ್ಕೆ ಮಾತು ಕೇಳಬೇಕಾಯಿತು. ಆದರೆ ಪ್ಲೈಯ ಅಂಚು ಮುಟ್ಟಿದರೆ ಗಾಜಿನ ಹಾಗೆ. ಇದೇ ಬ್ಲೇಡಿನಲ್ಲಿ ಗಟ್ಟಿಮರವನ್ನು ಉದ್ದುದ್ದ ಸೀಳಲು ಹೋದರೆ ಸುಡುತ್ತದೆ, ಅದಕ್ಕೆ 24 ಹಲ್ಲಿನದೇ ಸರಿ. ಪ್ಲೈಯಲ್ಲೂ ಒಂದು ಪಕ್ಕ ಮಾತ್ರ ಕಪ್ಪು ಕಲೆ ಬರುತ್ತಿದ್ದರೆ ಬ್ಲೇಡನ್ನು ಬೈಯಬೇಡಿ, ಅದು ಪಾದದ ಅಂಚಿಗೆ ಓರೆಯಾಗಿ ಕೂತಿರಬಹುದು. ಪ್ಲಗ್ ತೆಗೆದು, ಒಂದೇ ಹಲ್ಲಿಗೆ ಗುರುತು ಹಾಕಿ, ಅದನ್ನು ಮುಂದೆ ಒಮ್ಮೆ ಹಿಂದೆ ಒಮ್ಮೆ ತಂದು ಪಾದದ ಅಂಚಿನಿಂದ ಅಳೆಯಿರಿ. ನನ್ನದರಲ್ಲಿ ಅರ್ಧ ಮಿ.ಮೀ. ಚಿಲ್ಲರೆ ವ್ಯತ್ಯಾಸ ಇತ್ತು. ಬ್ರಾಕೆಟ್ಟಿನ ಸ್ಕ್ರೂ ಸಡಿಲಿಸಿ ಸರಿ ಮಾಡಲು ಒಂದು ಇಡೀ ಸಂಜೆ ಹಿಡಿಯಿತು. ಆ ಸಂಜೆಯ ನಂತರ ಸುಟ್ಟ ಕಲೆ ಬಂದಿಲ್ಲ.

ಶೀಟಿನ ಕೆಳಗೆ ಏನಿಡಬೇಕು ಅನ್ನುವುದು ಬಹಳ ಮುಖ್ಯ. ಮೊದಲು ಎರಡು ಸ್ಟೂಲ್ ಇಟ್ಟಿದ್ದೆ. ಕೊಯ್ಯುತ್ತಾ ಹೋದಂತೆ ನಡುವೆ ಶೀಟು ಕುಸಿದು ಬ್ಲೇಡನ್ನು ಅದುಮುತ್ತದೆ, ಮೆಷೀನು ಒದೆಯುವುದು ಆಗಲೇ. ಈಗ ನೆಲದ ಮೇಲೆ 2 ಇಂಚು ದಪ್ಪದ ಗಟ್ಟಿ ಫೋಮ್ ಹಾಸಿ, ಅದರ ಮೇಲೆ ಪ್ಲೈ ಮಲಗಿಸಿ, ಪ್ಲೈಯಿಂದ ಕೆಳಗೆ 5 ಮಿ.ಮೀ. ಮಾತ್ರ ಬ್ಲೇಡು ಇಳಿಯುವ ಹಾಗೆ ಆಳ ಇಡುತ್ತೇನೆ. ಫೋಮ್ ಮೇಲೆ ಗೀರು ಬೀಳುತ್ತದೆ, ಬೀಳಲಿ. ಎರಡೂ ತುಂಡು ಕೊನೆಯವರೆಗೆ ಇದ್ದಲ್ಲೇ ಇರುತ್ತವೆ. ಮಂಡಿಯೂರಿ ಶೀಟಿನ ಮೇಲೇ ಹೋಗಬಹುದು. ಕನ್ನಡಕ, ಕಿವಿಗೆ ಮಫ್, ಮಾಸ್ಕ್ ಮೂರೂ ಹಾಕಿಕೊಂಡೇ ಪ್ಲಗ್ ಚುಚ್ಚುವುದು.

ಗೈಡಿನ ಕೆಳಗೆ ಒಂದು ವಸ್ತು ಅಂಟಿಸಿದ್ದೇನೆ, ಅದರಿಂದ ಸಣ್ಣ ಅಡ್ಡ ಕೊಯ್ತಗಳಿಗೆ ಕ್ಲಾಂಪೇ ಬೇಕಾಗುವುದಿಲ್ಲ. ಅದೇನು ಅಂತ ಹೇಳುವುದಿಲ್ಲ. ನಾಲ್ಕೈದು ಥರ ಅಂಟಿಸಿ ಕಿತ್ತು ನೋಡಿದ ಮೇಲೆ ಸಿಕ್ಕಿದ್ದು, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಕೆಲಸ ಮಾಡುವವರಿಗೆ ಹುಡುಕಿದರೆ ಸಿಕ್ಕೇ ಸಿಗುತ್ತದೆ.

ನಡುವೆ ಒಂದು ಭಾನುವಾರ ಬರೀ ಸಿಬಿರಿನ ಪ್ರಯೋಗವೇ ಆಯಿತು. ಲ್ಯಾಮಿನೇಟ್ ಹಚ್ಚಿದ ಚೂರುಗಳನ್ನು ತೆಗೆದುಕೊಂಡು, ಗೈಡಿನಿಂದ ಆಚೆ ಬೀಳುವ ಕಡೆಯನ್ನೂ ಸ್ವಚ್ಛ ಮಾಡಲು ಆಗುತ್ತಾ ನೋಡಿದೆ. ಮಾಸ್ಕಿಂಗ್ ಟೇಪ್ ಹಚ್ಚಿ ಕೊಯ್ದರೆ ಸಿಬಿರು ಅರ್ಧಕ್ಕೆ ಇಳಿಯಿತು. ಕಟರಿನಿಂದ ಎರಡು ಮೂರು ಸಲ ಗೀರಿ ಕೊಯ್ದರೆ ಇನ್ನೂ ಚೆನ್ನ, ಆದರೆ ಬ್ಲೇಡಿನ ಆಚೆ ಅಂಚು ಎಲ್ಲಿ ಬರುತ್ತದೆ ಅಂತ ಸರಿಯಾಗಿ ಗೊತ್ತಿರಬೇಕು. ಎಲ್ಲಕ್ಕಿಂತ ಒಳ್ಳೆಯದು ಗೈಡು ಅಲುಗಿಸದೆ ಮೊದಲು 2 ಮಿ.ಮೀ. ಆಳಕ್ಕೆ ಒಮ್ಮೆ, ಆಮೇಲೆ ಪೂರ್ತಿ ಆಳಕ್ಕೆ ಒಮ್ಮೆ ಓಡಿಸುವುದು. ಎರಡರಷ್ಟು ಸಮಯ ಹೋಗುತ್ತದೆ, ಬಾಗಿಲಿನ ಹಲಗೆಗಳಿಗೆ ಮಾತ್ರ ಹಾಗೆ ಮಾಡಿದೆ.

ಇಷ್ಟೆಲ್ಲ ಮೆಷೀನಿನ ಮಾತಾಯಿತು. ಆದರೆ ಅಳತೆ ತಪ್ಪಿದರೆ ಯಾವ ಗೈಡೂ ಕಾಪಾಡುವುದಿಲ್ಲ. ನನ್ನ ಹತ್ತಿರ ಎರಡು ಟೇಪ್ ಇದ್ದವು. ಪಕ್ಕದ ಹಲಗೆ ಒಂದರಲ್ಲಿ ಅಳೆದೆ, ಬಾಗಿಲು ಇನ್ನೊಂದರಲ್ಲಿ. ಎರಡು ಮೀಟರಿಗೆ ಒಂದೂವರೆ ಮಿ.ಮೀ. ವ್ಯತ್ಯಾಸ. ಟೇಪಿನ ಮೂತಿ ತನ್ನ ದಪ್ಪದಷ್ಟು ಅಲ್ಲಾಡಬೇಕು, ಅದು ಬೇಕೆಂದೇ ಮಾಡಿರುವುದು, ಆದರೆ ಒಂದರ ಮೂತಿ ಬಿದ್ದು ಬಿದ್ದು ಬಾಗಿಹೋಗಿತ್ತು. ಅವತ್ತಿನಿಂದ ಒಂದೇ ಟೇಪ್, ಅದೂ ಒಂದೇ ಸಲ. ಬೇಕಾದ ಅಳತೆಗಳನ್ನೆಲ್ಲ ಒಂದು ಉದ್ದ ಕಡ್ಡಿಗೆ ಚಾಕುವಿನಿಂದ ಗುರುತು ಮಾಡಿಬಿಡುತ್ತೇನೆ. ಕಪಾಟಿನ ಒಳಗೆ ಅಡ್ಡ ಇಡುವ ಐದು ಹಲಗೆ ಬೇಕು ಅಂದರೆ ಐದಕ್ಕೂ ಅದೇ ಕಡ್ಡಿ. ಕಡ್ಡಿಯಲ್ಲಿ ತಪ್ಪಿದ್ದರೂ ಐದೂ ಒಂದೇ ಥರ ತಪ್ಪಿರುತ್ತವೆ, ಕಪಾಟು ಕೂತುಕೊಳ್ಳುತ್ತದೆ. ಅಡ್ಡ ಕೊಯ್ತಕ್ಕೆ ಚಿಕ್ಕ ಮೂಲೆಮಟ್ಟ ನಂಬಬೇಡಿ. ನಾನು ಮೂಲೆಯಿಂದ ಒಂದು ಕಡೆ 900 ಮಿ.ಮೀ., ಇನ್ನೊಂದು ಕಡೆ 1200 ಗುರುತು ಮಾಡಿ, ಎರಡರ ನಡುವೆ ಓರೆಯಾಗಿ 1500 ಬರುತ್ತದಾ ನೋಡುತ್ತೇನೆ, ಬಂದರೆ ಮೂಲೆ ಲಂಬ, ಶೀಟಿನ ಅಗಲ 1220 ಇರುವುದರಿಂದ 1200 ಸರಿಯಾಗಿ ಒಳಗೆ ಕೂರುತ್ತದೆ. ಮತ್ತೆ 18 ಅಂತ ಬರೆದಿರುವ ಪ್ಲೈ 18 ಇರುವುದಿಲ್ಲ. ನನ್ನ ಶೀಟುಗಳು ಕ್ಯಾಲಿಪರಿಗೆ 17.3ರಿಂದ 17.6 ತೋರಿಸಿದವು. ಎರಡು ಪಕ್ಕ ಸೇರಿದರೆ ಒಂದು ಮಿ.ಮೀ. ಹೋಯಿತಲ್ವಾ, ಒಳಗಿನ ಅಡ್ಡ ಹಲಗೆಯ ಉದ್ದ ಅದರ ಮೇಲೇ ನಿಂತಿದೆ.

ಜೋಡಣೆ ಬೇಗ ಮುಗಿಯಿತು. ಸ್ಕ್ರೂಗೆ ಮೊದಲೇ ಕೊರೆದ 3 ಮಿ.ಮೀ. ಪೈಲಟ್ ತೂತು, ಸ್ಕ್ರೂ ತಲೆ ಒಳಗೆ ಕೂರಲು ಕೌಂಟರ್‌ಸಿಂಕ್, ಅಂಟು, 4×50 ಮಿ.ಮೀ. ಸ್ಕ್ರೂ. ಪೈಲಟ್ ಇಲ್ಲದೆ ಅಂಚಿಗೆ ಸ್ಕ್ರೂ ಬಿಟ್ಟರೆ ಪ್ಲೈ ಪದರ ಬಿಡುತ್ತದೆ, ಒಂದು ಕಡೆ ಅವಸರ ಮಾಡಿ ಅನುಭವಿಸಿದೆ. ಬಡಿದು ಬಡಿದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್ ಬೇಡ, ಬಿಗಿಯಾದಾಗ ತಾನೇ ಬಿಡುವ ಕ್ಲಚ್ ಇರುವ ಡ್ರಿಲ್ಲೇ ಸಾಕು. ಮರ ಹೆರೆಯುವ ಕೈರಂದದಲ್ಲಿ ಅಂಚು ಒಂದು ಸಲ ಸವರಿದೆ. ಪ್ಲೈಯ ಅಂಟು ಅದರ ಬ್ಲೇಡನ್ನು ಬೇಗ ಮೊಂಡು ಮಾಡುತ್ತದೆ, ಎರಡು ಹಲಗೆಗೊಮ್ಮೆ ಮಸೆಯಬೇಕಾಯಿತು.

ಆ ಬಡಗಿಯವರನ್ನು ಕರೆಸಿ ತೋರಿಸಿದೆ. ಬಾಗಿಲು ತೆಗೆದು ಹಾಕಿ ನೋಡಿದರು, ಟೇಪ್ ತೆಗೆದು ಕರ್ಣ ಎರಡೂ ಅಳೆದರು. ಎರಡೂ ಒಂದೇ. ಸ್ವಲ್ಪ ಹೊತ್ತು ಗೈಡನ್ನು ತಿರುಗಿಸಿ ತಿರುಗಿಸಿ ನೋಡಿ, "ಇದರ ಅಳತೆ ಬರ್ಕೊಡಿ ಸಾರ್" ಅಂದರು. ಬರೆದುಕೊಟ್ಟೆ. ಕೆಳಗೆ ಅಂಟಿಸಿದ್ದು ಏನು ಅಂತ ಅವರಿಗೂ ಹೇಳಲಿಲ್ಲ.